ಸಪ್ಲೈಯರ್ ಅಣ್ಣನ ಬಲಗೈ

ಅಂಗಡಿಯವನು ನಾಲ್ಕು ಸಾವಿರ ಹೇಳಿದ, ನಾನು ಎರಡು ಸಾವಿರದ ಎಂಟುನೂರಕ್ಕೆ ಇಳಿಸಿದೆ. ಕೈಯನ್ನು ಕುತ್ತಿಗೆಗೆ ತೂಗುಹಾಕುವ ಪಟ್ಟಿಗೆ ಅಷ್ಟು ದುಡ್ಡಾ ಅಂತ ನೀವು ಕೇಳಬಹುದು. ನಾನೂ ಕೇಳಿದ್ದೆ. ಬರೀ ಬಟ್ಟೆಯದಾದರೆ ಅಗ್ಗಕ್ಕೇ ಸಿಗುತ್ತದೆ. ಇದು ಬೇರೆ. ಕಂಕುಳ ಕೆಳಗೆ ಒಂದು ಗಟ್ಟಿ ದಿಂಬು, ಸೊಂಟಕ್ಕೆ ಬೆಲ್ಟು, ಮೊಣಕೈ ಕೂರುವುದಕ್ಕೆ ಗೂಡಿನಂಥ ಚೀಲ. ಭುಜದೊಳಗೆ ಹೊಲಿಗೆ ಹಾಕಿದ ಮೇಲೆ ಅದು ಜಗ್ಗದ ಹಾಗೆ ತೋಳು ಮೈಯಿಂದ ಒಂದಿಷ್ಟು ದೂರ ನಿಲ್ಲಬೇಕಂತೆ. ಅದಕ್ಕೆ ದಿಂಬು, ದಿಂಬಿಗೆ ದುಡ್ಡು.

ಹೋದ ವಾರ ನನ್ನ ಹೋಟೆಲಿಗೆ ಬಣ್ಣ ಹೊಡೆಸುವಾಗ ಅಟ್ಟದಿಂದ ಅದು ಕೆಳಗೆ ಬಿತ್ತು. ಬೂದು ಬಣ್ಣ, ಬೆಲ್ಟಿನ ತುದಿ ಸವೆದಿತ್ತು. ಮೂಗಿನ ಹತ್ತಿರ ತಂದರೆ ಈಗಲೂ ನೋವಿನ ಮುಲಾಮು, ತೆಂಗಿನೆಣ್ಣೆ, ಒಂದು ಚೂರು ಸಾಂಬಾರ್ ಪುಡಿ... ಬಣ್ಣದ ವಾಸನೆಯ ನಡುವೆಯೂ ಅದು ಬೇರೆಯಾಗಿ ಬಂತು. ಬಣ್ಣ ಹೊಡೆಯುವ ಭಯ್ಯಾ, ಇದನ್ನು ಎಸೆಯಲಾ ಅಂತ ಕೇಳಿದ. ನಾನು ಅದನ್ನು ಇಸಿದುಕೊಂಡು ಕುರ್ಚಿ ಎಳೆದು ಕೂತೆ.

ಆ ಪಟ್ಟಿ ಹಾಕಿಕೊಂಡಿದ್ದವರ ಹೆಸರು ಬರೆಯುವುದಿಲ್ಲ. ಹೆಸರು ಹಿಡಿದು ಕರೆದವರೂ ಕಡಿಮೆ. ನಮ್ಮ ಕರಾವಳಿ ಕಡೆಯ ಹೋಟೆಲುಗಳಲ್ಲಿ ಮೇಜಿಗೆ ತಿಂಡಿ ತಂದುಕೊಡುವವರನ್ನು ಸಪ್ಲೈಯರ್ ಅನ್ನುತ್ತೇವೆ. ದೆಹಲಿಗೆ ಬಂದರೂ ಆ ಮಾತು ನಮ್ಮ ಜೊತೆಗೇ ಬಂತು. ಹಾಗಾಗಿ ಅವರು ಎಲ್ಲರಿಗೂ ಸಪ್ಲೈಯರ್ ಅಣ್ಣ. ನಾನು ದೆಹಲಿಗೆ ಬಂದು ಒಂದು ಹೋಟೆಲಿನಲ್ಲಿ ಕಪ್ಪು ತೊಳೆಯುತ್ತಿದ್ದಾಗ ಅವರು ಅಲ್ಲಿ ಆಗಲೇ ಹಳಬರು. ನನಗೆ ಹಿಂದಿ ಕಲಿಸಿದ್ದು ಅವರು. ಬಾಗಿಲಲ್ಲಿ ನಿಂತ ಗಿರಾಕಿಯ ಮುಖ ನೋಡಿಯೇ ಜಗಳ ಮಾಡುವ ಪೈಕಿಯೋ ಟಿಪ್ಸ್ ಕೊಡುವ ಪೈಕಿಯೋ ಅಂತ ಅಳೆಯುವುದನ್ನು ಕಲಿಸಿದ್ದೂ ಅವರೇ. ಮುಂದೆ ನಾನು ಪೀತಮ್‌ಪುರದಲ್ಲಿ ನನ್ನದೇ ಒಂದು ಹೋಟೆಲ್ ಇಟ್ಟಾಗ ಅಲ್ಲಿನ ಕೆಲಸ ಬಿಟ್ಟು ನನ್ನ ಜೊತೆ ಬಂದರು. ಸಂಬಳದ ಮಾತು ಎತ್ತಿದರೆ ನಕ್ಕುಬಿಟ್ಟರು.

"ನಿನ್ನ ಹತ್ರ ಚೌಕಾಸಿ ಮಾಡಿ ಗೆಲ್ಲೋದುಂಟಾ ಮಾರಾಯ? ಯಮ ಬಂದ್ರೂ ಸ್ವಲ್ಪ ಕಡಿಮೆ ಮಾಡ್ಕೊಳ್ಳಿ ಅನ್ನುವ ಜನ ನೀನು."

ಭಾನುವಾರ ಬೆಳಿಗ್ಗೆ ನಮ್ಮಲ್ಲಿ ಕಾಲಿಡಲು ಜಾಗ ಇರುತ್ತಿರಲಿಲ್ಲ. ಕುಳಿತವರ ಬೆನ್ನ ಹಿಂದೆ ಕಾಯುವವರು ನಿಂತಿರುತ್ತಿದ್ದರು. ಆ ಸಂದಿಯಲ್ಲಿ ಅಣ್ಣ ದೊಡ್ಡ ಟ್ರೇಯನ್ನು ಬಲ ಅಂಗೈ ಮೇಲೆ ಇಟ್ಟು, ತೋಳನ್ನು ಕಿವಿಗಿಂತ ಮೇಲೆ ಎತ್ತಿ, ಎಲ್ಲರ ತಲೆಯ ಮೇಲಿನಿಂದ ಸಾಗಿಸುತ್ತಿದ್ದರು. ಮೇಲೆ ಐದಾರು ದೋಸೆ, ಸಾಂಬಾರಿನ ಬಟ್ಟಲುಗಳು, ನೀರಿನ ಲೋಟಗಳು. ಮಕ್ಕಳು ತಲೆಯೆತ್ತಿ ನೋಡುತ್ತಿದ್ದರು. ಮತ್ತೆ ಮತ್ತೆ ಸಾಂಬಾರ್ ಕೇಳುವವರನ್ನು ಕಂಡರೆ ನನ್ನ ಕಡೆ ತಿರುಗಿ ಕನ್ನಡದಲ್ಲಿ ಅನ್ನುತ್ತಿದ್ದರು, ದೋಸೆ ಬರೀ ನೆಪ, ಇವರು ಬಂದಿದ್ದು ಸಾಂಬಾರಲ್ಲಿ ಮೀಯಲಿಕ್ಕೆ. ಮರುಗಳಿಗೆಗೇ ಆ ಗಿರಾಕಿಗೆ ಹಿಂದಿಯಲ್ಲಿ, "ಔರ್ ಲೀಜಿಯೇ ಸರ್, ಗರಂ ಗರಂ." ಆ ಕೈಯನ್ನು ನೋಡಲಿಕ್ಕೆಂದೇ ಬರುವವರಿದ್ದರು ಅಂದರೆ ನೀವು ನಂಬಬೇಕು.

ಭುಜ ನೋಯಲು ಶುರುವಾದದ್ದು ಯಾವಾಗ ಅಂತ ಅವರಿಗೇ ಗೊತ್ತಿರಲಿಲ್ಲ... ನನಗೆ ಗೊತ್ತಾದಾಗ ವರ್ಷವೇ ಕಳೆದಿತ್ತು. ಗಾಳಿ ಹಿಡಿದಿದೆ ಅನ್ನುತ್ತಿದ್ದರು, ದೆಹಲಿಯ ಚಳಿ ಅನ್ನುತ್ತಿದ್ದರು. ಬೆಳಿಗ್ಗೆ ಬಿಸಿ ತೆಂಗಿನೆಣ್ಣೆ, ರಾತ್ರಿ ಮುಲಾಮು. ತಲೆ ಬಾಚುವುದು ಎಡಗೈಗೆ ಬಂದಿತ್ತು, ಅಂಗಿ ತೊಡುವಾಗ ಮಗಳು ತೋಳು ಹಿಡಿಯಬೇಕಿತ್ತು. ಹೆಂಡತಿ ತೀರಿಕೊಂಡ ಮೇಲೆ ಆ ಮನೆಯಲ್ಲಿ ಅಪ್ಪ ಮಗಳು ಇಬ್ಬರೇ. ಒಂದು ಭಾನುವಾರ ತಲೆಗಳ ಮೇಲೆ ಹೋಗುತ್ತಿದ್ದ ಟ್ರೇ ಏಕಾಏಕಿ ಓರೆಯಾಯಿತು. ಸಾಂಬಾರೆಲ್ಲ ಒಬ್ಬ ಆಂಟಿಯ ಶಾಲಿನ ಮೇಲೆ. ಅಣ್ಣ ಕ್ಷಮೆ ಕೇಳುತ್ತಾ ಎಡಗೈಯಿಂದ ಒರೆಸುತ್ತಿದ್ದರು, ಬಲಗೈ ಪಕ್ಕದಲ್ಲಿ ಸುಮ್ಮನೆ ನೇತಾಡುತ್ತಿತ್ತು. ಮಾರನೇ ದಿನ ನಾನೇ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ.

ಡಾಕ್ಟರು ಪಂಜಾಬಿನ ಕಡೆಯವರು, ತಾಳ್ಮೆಯ ಮನುಷ್ಯ. ತಮ್ಮ ಅಂಗಿಯ ಕಫ್ ತೋರಿಸಿ ಹೇಳಿದರು. ಮಣಿಕಟ್ಟನ್ನು ಇದು ಸುತ್ತಿಕೊಂಡ ಹಾಗೆ ಭುಜದ ಮೂಳೆಯ ತಲೆಯನ್ನು ನಾಲ್ಕು ಸ್ನಾಯುಗಳ ತುದಿಗಳು ಸುತ್ತಿಕೊಂಡಿರುತ್ತವೆ. ರೊಟೇಟರ್ ಕಫ್ ಅಂತ ಹೆಸರು. ಅಣ್ಣನದ್ದು ಹರಿದು ಮೂಳೆಯಿಂದ ಬಿಟ್ಟುಕೊಂಡಿದೆ. ಮೂಳೆಗೆ ಸಣ್ಣ ಗೂಟಗಳನ್ನು ಕೂರಿಸಿ, ದಾರದಿಂದ ಅದನ್ನು ಎಳೆದು ಕಟ್ಟಬೇಕು. ಬಿಟ್ಟರೆ ಇನ್ನೂ ಹಿಂದಕ್ಕೆ ಸರಿಯುತ್ತದೆ, ಆಮೇಲೆ ಎಳೆದರೂ ಬರುವುದಿಲ್ಲ.

ಆಪರೇಷನ್ ಅಂದರೆ ನಾನು ಹೆದರುವವನಲ್ಲ. ಬಿಲ್ಲು ಅಂದರೆ ಇನ್ನೂ ಹುಷಾರಾಗುವವನು. ಆಸ್ಪತ್ರೆಯ ಕೌಂಟರಿನಲ್ಲಿ ಪ್ಯಾಕೇಜಿನ ಕಾಗದ ಕೈಗೆ ಕೊಟ್ಟರು. ರೂಮು ಹಂಚಿಕೊಳ್ಳುವುದು ಸಾಕು ಅಂದೆ, ಪಟ್ಟಿಯನ್ನು ಹೊರಗಿಂದ ತರುತ್ತೇನೆ ಅಂದೆ, ಗೂಟಗಳಲ್ಲಿ ಎಷ್ಟು ಕಂಪನಿ ಇದೆ, ಯಾವುದಕ್ಕೆ ಎಷ್ಟು ಅಂತ ಬಿಡಿಸಿ ಕೇಳಿದೆ. ಕೌಂಟರಿನ ಹುಡುಗಿ ಸುಸ್ತಾಗಿ ಮ್ಯಾನೇಜರನ್ನು ಕರೆದಳು. ಕೊನೆಗೆ ಅವರು ಹೇಳಿದ್ದಕ್ಕಿಂತ ಸಾಕಷ್ಟು ಕಡಿಮೆಗೆ ಮುಗಿಸಿದೆ. ಅಣ್ಣ ಪಕ್ಕದ ಬೆಂಚಿನಲ್ಲಿ ಕೂತು ನಗುತ್ತಿದ್ದರು. ಗೆದ್ದೆ ಅಂತಲೇ ಅಂದುಕೊಂಡೆ.

ಅದೇ ಉಮೇದಿನಲ್ಲಿ ಡಾಕ್ಟರ ಹತ್ತಿರ ಹೋಗಿ ಗ್ಯಾರಂಟಿ ಕೇಳಿದೆ. ಅವರಿಗೆ ಸಿಟ್ಟು ಬರಲಿಲ್ಲ.

"ನನ್ನ ಹೊಲಿಗೆಗೆ ಗ್ಯಾರಂಟಿ ಕೊಡ್ತೀನಿ. ಅದು ಮೂಳೆಗೆ ಅಂಟಿಕೊಳ್ಳೋದಕ್ಕೆ ಯಾರೂ ಕೊಡೋಲ್ಲ. ಅದು ಇವರ ಮೈ ಮಾಡಬೇಕಾದ ಕೆಲಸ."

ಆಮೇಲೆ ಒಂದೊಂದಾಗಿ ಹೇಳಿದರು. ವಯಸ್ಸು ಅರವತ್ತರ ಹತ್ತಿರ. ಹರಿದದ್ದು ದೊಡ್ಡದು. ತುಂಬ ದಿನ ಹಾಗೇ ಬಿಟ್ಟಿದ್ದಾರೆ, ಸ್ಕ್ಯಾನಿನಲ್ಲಿ ಸ್ನಾಯುವಿನೊಳಗೆ ಅಲ್ಲಲ್ಲಿ ಕೊಬ್ಬು ಸೇರಿಕೊಂಡದ್ದು ಕಾಣುತ್ತದೆ. ಬೀಡಿ ಬಿಟ್ಟದ್ದು ಈಚೆಗೆ. ಸಕ್ಕರೆ ಕಾಯಿಲೆ ಬೇರೆ ಇದೆ, ಅದು ಇಳಿಯದೆ ನಾನು ಕತ್ತರಿ ಮುಟ್ಟುವುದಿಲ್ಲ ಅಂದರು. ಕೂಡಿಸಿ ಕಳೆದು ಒಂದು ಲೆಕ್ಕಕ್ಕೆ ತರೋಣ ಅಂತ ನಾನು ಕೇಳುತ್ತಿದ್ದೆ. ಆದರೆ ಅವುಗಳಲ್ಲಿ ಒಂದನ್ನೂ ಕಡಿಮೆ ಮಾಡಿಸಲು ಬರುವಂತಿರಲಿಲ್ಲ. ಸಕ್ಕರೆಯೊಂದನ್ನು ಬಿಟ್ಟು.

ಆ ಸಕ್ಕರೆ ಇಳಿಯಲು ಎರಡು ತಿಂಗಳು ಹಿಡಿಯಿತು. ಮಳೆಗಾಲದಲ್ಲಿ ಆಗಬೇಕಿದ್ದ ಆಪರೇಷನ್ ನವರಾತ್ರಿ ಕಳೆದ ಮೇಲಕ್ಕೆ ಹೋಯಿತು. ಇತ್ತ ಮಗಳ ಮದುವೆಗೆ ಡಿಸೆಂಬರ್ ಮೊದಲ ವಾರ ಮುಹೂರ್ತ ಇಟ್ಟಾಗಿತ್ತು. ಹುಡುಗ ದೆಹಲಿ ಪಕ್ಕದ ಇಂದಿರಾಪುರಂನ ಕನ್ನಡದವರ ಮನೆಯವನೇ. ಆ ವಾರ ತಪ್ಪಿದರೆ ಧನುರ್ಮಾಸ, ಅದು ಮುಗಿಯುವ ತನಕ ಮದುವೆ ಇಲ್ಲ. ಅದಾದ ಮೇಲೆ ಹುಡುಗನನ್ನು ಕಂಪನಿಯವರು ಹೊರಗೆ ಕಳಿಸುವವರಿದ್ದರು. ಮದುವೆ ಆದ ಮೇಲೇ ಆಪರೇಷನ್ ಮಾಡಿಸೋಣ ಅಂದೆ. ಡಾಕ್ಟರು, ಈಗಾಗಲೇ ತಡವಾಗಿದೆ, ಇನ್ನು ಕಾಯಬೇಡಿ ಅಂದರು. ಮದುವೆ ಮುಂದೆ ಹಾಕೋಣ ಅಂದೆ. ಅಣ್ಣ ನನ್ನ ಮುಖವನ್ನೇ ನೋಡಲಿಲ್ಲ. ಎರಡು ಕಡೆಯೂ ನನ್ನ ಮಾತು ನಡೆಯಲಿಲ್ಲ.

ಆಪರೇಷನ್ ಚೆನ್ನಾಗಿಯೇ ಆಯಿತು. ಆರು ವಾರ ಪಟ್ಟಿ. ಅಣ್ಣನಷ್ಟು ವಿಧೇಯ ಪೇಷಂಟನ್ನು ನಾನು ಕಂಡಿಲ್ಲ. ಮಲಗುವಾಗಲೂ ಪಟ್ಟಿ ಬಿಚ್ಚಲಿಲ್ಲ. ಫಿಸಿಯೋಥೆರಪಿಯವನು ಬಂದು ತೋಳನ್ನು ತಾನೇ ಎತ್ತಿ ಇಳಿಸುತ್ತಿದ್ದ, ನೀವಾಗಿ ಎತ್ತಬಾರದು ಅಂದರೆ ಇವರು ಮರದ ತುಂಡಿನ ಹಾಗೆ ಬಿಟ್ಟುಕೊಡುತ್ತಿದ್ದರು. ಒಂದಕ್ಕೆ ಮಾತ್ರ ಒದ್ದಾಡುತ್ತಿದ್ದರು. ಎಡಗೈಯಲ್ಲಿ ಚಮಚ ಹಿಡಿದು ಉಣ್ಣಬೇಕಲ್ಲ, ಅದನ್ನು ಯಾರೂ ನೋಡಬಾರದು. ನಾನು ಹೋದಾಗ ಊಟದ ಹೊತ್ತಾಗಿದ್ದರೆ ಗೋಡೆ ಕಡೆ ತಿರುಗಿ ಕೂರುತ್ತಿದ್ದರು. ಮಗಳು ತಮಾಷೆ ಮಾಡುತ್ತಿದ್ದಳು, "ಅಪ್ಪಾ, ಆಫೀಸಲ್ಲಿ ಆಧಾ ಜನ ಲೆಫ್ಟಿ ಇದಾರೆ, ಕೋಯೀ ನಹೀ ದೇಖ್‌ತಾ, ಯಾರೂ ನೋಡಲ್ಲ." ಅಣ್ಣ ಗೋಡೆಗೇ ಉತ್ತರ ಹೇಳುತ್ತಿದ್ದರು, "ನಿಮ್ಮ ಆಫೀಸಿನವರು ಯಾರಿಗಾದ್ರೂ ಬಡಿಸ್ತಾರಾ?"

ಪಟ್ಟಿ ಬಿಚ್ಚಿದ ದಿನ ಡಾಕ್ಟರು ಹೇಳಿದರು, ಇನ್ನು ಕೈಯನ್ನು ಮೆಲ್ಲಗೆ ಬಳಸಬಹುದು, ಆರು ತಿಂಗಳು ಭಾರ ಎತ್ತಬಾರದು. ಭಾರ ಅಂದರೆ ಎಷ್ಟು ಅಂತ ಅಣ್ಣ ಕೇಳಿದರು. ಒಂದು ಕಪ್ ಚಹಾ ಇರುತ್ತದಲ್ಲ, ಅಷ್ಟು, ಅದೂ ಮೊಣಕೈ ಪಕ್ಕೆಗೆ ಒತ್ತಿಕೊಂಡು ಅಂದರು. ಅಣ್ಣ ಆ ಮೊದಲರ್ಧವನ್ನು ಗಟ್ಟಿಯಾಗಿ ಹಿಡಿದುಕೊಂಡರು. ಉಳಿದರ್ಧ ಎಲ್ಲಿ ಹೋಯಿತೋ...

ಮದುವೆಗೆ ಗಂಡಿನ ಕಡೆಯವರು ಬಫೆ ಸಾಕು ಅಂದಿದ್ದರು. ನಾನೂ ಅದಕ್ಕೇ ಜೋತುಬಿದ್ದೆ. ಅಣ್ಣ ಒಪ್ಪಲಿಲ್ಲ. ಇಷ್ಟು ವರ್ಷ ಊರಿನವರಿಗೆಲ್ಲ ತಂದುಕೊಟ್ಟವನು, ನನ್ನ ಮಗಳ ಮದುವೆಯಲ್ಲಿ ಜನ ತಟ್ಟೆ ಹಿಡಿದು ಸಾಲಲ್ಲಿ ನಿಲ್ಲಬೇಕಾ ಅಂದರು. ಸರಿ, ಬಾಳೆಎಲೆ ತರಿಸಿದೆವು. ನಮ್ಮ ಹೋಟೆಲಿನ ಸಪ್ಲೈಯರುಗಳನ್ನೆಲ್ಲ ಬಡಿಸಲು ನಿಲ್ಲಿಸಿದೆ. ಅಣ್ಣನನ್ನು ಮೊದಲ ಪಂಕ್ತಿಯಲ್ಲೇ ಕೂರಿಸಿಬಿಟ್ಟರೆ ಆಯಿತು ಅಂತ ನನ್ನ ಲೆಕ್ಕ. ಹೆಣ್ಣಿನ ತಂದೆ ಬೀಗರ ಊಟ ಆದ ಮೇಲೆ ಉಣ್ಣುವವನು ಅನ್ನುವುದು ನನಗೆ ಹೊಳೆಯಲೇ ಇಲ್ಲ.

ಪಂಕ್ತಿ ಕೂತಿತು. ಅಣ್ಣ ರೇಷ್ಮೆ ಶಲ್ಯ ಹೊದ್ದು ಸಾವಕಾಶ ಊಟ ಮಾಡಿ ಅನ್ನುತ್ತಾ ಎಲೆಗಳ ಮುಂದೆ ನಡೆಯುತ್ತಿದ್ದರು. ಪಾಯಸದ ಹೊತ್ತಿಗೆ ಬೀಗರು ತಲೆಯೆತ್ತಿದರು. ಒಳ್ಳೆಯ ಮನುಷ್ಯ, ಪ್ರೀತಿಯಿಂದಲೇ ಅಂದದ್ದು, ನಿಮ್ಮ ಕೈ ಬಗ್ಗೆ ತುಂಬ ಕೇಳಿದ್ದೇವೆ, ನಮಗೂ ನಿಮ್ಮ ಕೈಯಿಂದ ಒಂದು ಸೌಟು ಬೀಳಲಿ. ಆಪರೇಷನ್ ವಿಷಯ ಅವರಿಗೆ ಗೊತ್ತಿರಲಿಲ್ಲ. ಸೊಸೆಯ ಅಪ್ಪನಿಗೆ ಕೈಲಾಗದು ಅಂತ ಅನಿಸಬಾರದು ಅಂತ ಅಣ್ಣ ಅದನ್ನು ಹೇಳಿಸಿರಲೇ ಇಲ್ಲ.

ನಾನು ಆ ತುದಿಯಿಂದ ಹೋಗುವಷ್ಟರಲ್ಲಿ ಅಣ್ಣನ ಎಡಗೈಯಲ್ಲಿ ಪಾಯಸದ ಬಕೆಟ್ಟು, ಬಲಗೈಯಲ್ಲಿ ಸೌಟು. ಬೇಡ ಅಣ್ಣ ಅಂದೆ, ಮೆಲ್ಲಗೆ. ಅಷ್ಟು ಜನ ನೋಡುತ್ತಿದ್ದರು. ಬೇಕಾದರೆ ಎಡಗೈಯಲ್ಲಿ ಅಂತ ಬಾಯಿಗೆ ಬಂದದ್ದನ್ನು ಅವರೇ ತಡೆದರು.

"ಎಡಗೈಯಲ್ಲಿ ಬಡಿಸಿದ್ರೆ ಎಲೆ ಬಿಟ್ಟು ಏಳ್ತಾರೆ ಮಾರಾಯ. ಸೌಟು ಇದು, ಚಹಾ ಕಪ್ಪಿಗಿಂತ ಹಗುರ."

ತೂಕ ಸರಿಯಾಗಿತ್ತು. ಆದರೆ ಎಲೆ ಇರುವುದು ದೂರ. ಬಗ್ಗಿ, ತೋಳನ್ನು ಮುಂದಕ್ಕೆ ಚಾಚಿ, ಸೌಟು ಚೆಲ್ಲದ ಹಾಗೆ ಆ ಚಾಚಿದ ಕೈಯಲ್ಲೇ ತಡೆದು ಹಿಡಿಯಬೇಕು. ಬೀಗರಿಗೆ ಬಡಿಸಿ ನಿಲ್ಲಿಸುತ್ತಾರೆ ಅಂದುಕೊಂಡೆ. ಪಕ್ಕದವರನ್ನು ಬಿಟ್ಟು ಹೋಗುವುದು ಹೇಗೆ? ಪಂಕ್ತಿಯಲ್ಲಿ ಒಬ್ಬರಿಗೆ ಬಡಿಸಿ ಒಬ್ಬರಿಗೆ ಬಿಡುವಂತಿಲ್ಲ. ಎರಡನೇ ಎಲೆ, ಮೂರನೇ ಎಲೆ... ಸೌಟು ಕಸಿದುಕೊಳ್ಳಲು ಹೋದವನು ಬಕೆಟ್ಟು ಇಸಿದುಕೊಂಡೆ. ಅಷ್ಟೇ ನನ್ನಿಂದಾದದ್ದು. ನಾನು ಬಕೆಟ್ಟು ಹಿಡಿದು ಪಕ್ಕಕ್ಕೆ ನಡೆದೆ, ಅವರು ಬಡಿಸುತ್ತಾ ಹೋದರು. ಎಲೆಯಿಂದ ಎಲೆಗೆ ಅವರ ಬೆನ್ನು ನೆಟ್ಟಗಾಗುತ್ತಿತ್ತು. ಪಂಕ್ತಿಯ ಕೊನೆಯಲ್ಲಿ ನನ್ನ ಕಡೆ ತಿರುಗಿ ನಕ್ಕರು. ನೋವಿದೆಯಾ ಅಂದೆ. ಇಲ್ಲವೇ ಇಲ್ಲ ಅಂದರು. ಅದು ಸುಳ್ಳಲ್ಲ ಅಂತ ನನಗೆ ಈಗಲೂ ಅನಿಸುತ್ತದೆ.

ಮಗಳು ಅತ್ತೆ ಮನೆಗೆ ಹೋಗಿ ಕೆಲವು ದಿನಗಳಾಗಿರಬೇಕು, ಕೈ ಎತ್ತಲು ಬರುತ್ತಿಲ್ಲ ಅಂತ ಫೋನು ಬಂತು. ಸ್ಕ್ಯಾನ್ ಆಯಿತು. ಹೊಲಿದ ಜಾಗ ಬಿಟ್ಟುಕೊಂಡಿತ್ತು. ಮತ್ತೊಮ್ಮೆ ಹೊಲಿಯಿರಿ, ನಾನು ದುಡ್ಡಿನ ಮಾತೇ ಆಡುವುದಿಲ್ಲ ಅಂದೆ ಡಾಕ್ಟರಿಗೆ. ಜೀವನದಲ್ಲಿ ಮೊದಲ ಸಲ ಹಾಗೆ ಅಂದದ್ದು. ಅವರು ಇಲ್ಲವೆಂದು ತಲೆಯಾಡಿಸಿದರು. ನೆನೆದ ಕಾಗದಕ್ಕೆ ದಾರ ಹಾಕಿದ ಹಾಗೆ, ನಿಲ್ಲುವುದಿಲ್ಲ. ವ್ಯಾಯಾಮ ಮಾಡಿಸಿ, ನೋವು ಕಡಿಮೆಯಾಗುತ್ತದೆ, ಉಣ್ಣಲು ಉಡಲು ತೊಂದರೆಯಿಲ್ಲ. ಟ್ರೇ ಎತ್ತುವ ಮಾತು ಬಿಟ್ಟುಬಿಡಿ ಅಂದರು.

ಹಾಗಾದರೆ ಬಡಿಸಿದ್ದರಿಂದ ಆಯಿತಾ ಅಂತ ಕೇಳಿದೆ.

"ಇರಬಹುದು. ಇಲ್ಲದೆಯೂ ಇರಬಹುದು. ದೇಖಿಯೇ, ಇಂಥ ಭುಜಗಳಲ್ಲಿ ಕೈ ಅಲ್ಲಾಡಿಸದೆ ಕೂತವರದ್ದೂ ಬಿಟ್ಟುಕೊಳ್ಳುತ್ತೆ."

ನೋಡಿ, ಬಿಲ್ಲಿನಲ್ಲಿ ಸಾಲು ಸಾಲಾಗಿ ಬರೆದಿರುತ್ತಾರೆ, ಇದಕ್ಕಿಷ್ಟು, ಅದಕ್ಕಿಷ್ಟು. ನಾನು ಹಾಗೆ ಕೇಳುತ್ತಿದ್ದೆ. ವಯಸ್ಸಿಗೆಷ್ಟು, ಸಕ್ಕರೆಗೆಷ್ಟು, ತಡ ಮಾಡಿದ್ದಕ್ಕೆಷ್ಟು, ಪಾಯಸಕ್ಕೆಷ್ಟು. ಅವರು ಕೊಡಲಿಲ್ಲ. ಅವರ ಹತ್ತಿರವೂ ಇರಲಿಲ್ಲ.

ಮಗಳು ಇಂದಿರಾಪುರಂನಿಂದ ಸೀದಾ ನನ್ನ ಹೋಟೆಲಿಗೆ ಬಂದಳು. ಅಪ್ಪನ ಹತ್ತಿರ ಹೋಗುವ ಮೊದಲು. ಕೌಂಟರಿನ ಮುಂದೆ ನಿಂತು ಕೇಳಿದಳು, "ಮಾಮ, ಸಚ್ ಬತಾಯಿಯೇ, ನಿಜ ಹೇಳಿ. ನನ್ನ ಮದುವೆಯಿಂದ ಆಯ್ತಾ?"

ಇಲ್ಲ ಅನ್ನಬಹುದಿತ್ತು. ಮಾತಿನಲ್ಲಿ ಬದುಕಿದವನಿಗೆ ಅದೆಷ್ಟರ ಮಾತು. ಆದರೆ ಅವಳ ಮುಖ ನೋಡಿ ಅದು ಬರಲಿಲ್ಲ. ಡಾಕ್ಟರಿಗೂ ಗೊತ್ತಿಲ್ಲವಂತೆ ಅಂದೆ. ನಿಜ ಅದೇ. ಅವಳಿಗೆ ಅದು ಹೌದು ಅನ್ನುವುದಕ್ಕಿಂತ ಕಷ್ಟವಾಯಿತು. ಕಾಫಿ ತರಿಸಿದೆ, ಆರಿಹೋಯಿತು.

ಅಣ್ಣನನ್ನು ಕೌಂಟರಿನಲ್ಲಿ ಕೂರಿಸಿದೆ. ಬಲಗೈ ಎದೆಯ ಮಟ್ಟದವರೆಗೆ ಏಳುತ್ತಿತ್ತು, ಚಿಲ್ಲರೆ ಕೊಡಲು ಸಾಕು. ಮೊದಮೊದಲು ಅಲ್ಲಿಂದಲೇ ಗಿರಾಕಿಗಳನ್ನು ರೇಗಿಸುತ್ತಿದ್ದರು. ಹೊಸ ಸಪ್ಲೈಯರುಗಳು ಟ್ರೇಯನ್ನು ಎದೆಗೆ ಅವುಚಿಕೊಂಡು ದಾರಿ ಬಿಡಿ ದಾರಿ ಬಿಡಿ ಅಂತ ನುಗ್ಗುವುದನ್ನು ನೋಡಿ ಬೈಯುತ್ತಿದ್ದರು. ಒಮ್ಮೆ ಬೈಯುತ್ತಾ ಎದ್ದು ಬಂದು ಟ್ರೇಯ ಕೆಳಗೆ ಅಂಗೈ ಇಟ್ಟರು. ಅಷ್ಟೇ, ತೋಳು ಎದೆಯಿಂದ ಮೇಲೆ ಹೋಗಲಿಲ್ಲ. ಆಮೇಲೆ ಅಂಗೈ ತೆಗೆದು ಹೋಗಿ ಕೂತರು. ಅವತ್ತಿನಿಂದ ಬೈಯುವುದು ನಿಂತಿತು. ಬರುವುದೂ ಕಡಿಮೆಯಾಯಿತು... ನಾನು ಸಂಬಳ ಕಳಿಸಿದರೆ ಕೂತು ತಿನ್ನುವವನಲ್ಲ ಅಂತ ವಾಪಸು ಬರುತ್ತಿತ್ತು. ಅವರ ಹತ್ತಿರ ಚೌಕಾಸಿಯಲ್ಲಿ ಸೋತದ್ದು ಆಗ.

ಕೆಲವು ವರ್ಷಗಳ ಹಿಂದಿನ ಚಳಿಗಾಲದಲ್ಲಿ, ಮಗಳ ಮನೆಯಲ್ಲಿದ್ದಾಗ, ಹೃದಯ ನಿಂತು ತೀರಿಕೊಂಡರು. ಭುಜಕ್ಕೂ ಅದಕ್ಕೂ ಸಂಬಂಧವಿಲ್ಲ ಅಂದರು ಎಲ್ಲರೂ. ಇರಲಿಕ್ಕಿಲ್ಲ. ಈಗಲೂ ಹಳೆಯ ಗಿರಾಕಿಗಳು ಬಂದರೆ, ಆ ಟ್ರೇಯವರು ಎಲ್ಲಿ ಅಂತ ಕೇಳುತ್ತಾರೆ. ಇಲ್ಲ ಅನ್ನುತ್ತೇನೆ. ರಜೆಯಲ್ಲಿದ್ದಾರೆ ಅಂದುಕೊಂಡು ಕೆಲವರು ಹೋಗುತ್ತಾರೆ, ನಾನು ತಿದ್ದುವುದಿಲ್ಲ.

ನಿಮಗೆ ಹೇಳುವುದಿಷ್ಟು. ಭುಜ ನೋಯುತ್ತಿದ್ದು, ಕೈ ಎತ್ತುವುದೇ ಕಷ್ಟವಾದರೆ ಎಣ್ಣೆ ತಿಕ್ಕಿಕೊಂಡು ವರ್ಷ ಕಳೆಯಬೇಡಿ, ತೋರಿಸಿ. ಸಕ್ಕರೆ ಇದ್ದರೆ ಇವತ್ತಿನಿಂದಲೇ ಇಳಿಸಿ, ಡಾಕ್ಟರು ಹೇಳಲಿ ಅಂತ ಕಾಯಬೇಡಿ. ಬೀಡಿ ಸಿಗರೇಟು ಬಿಡಿ. ಬಿಲ್ಲಿನಲ್ಲಿ ಚೌಕಾಸಿ ಮಾಡಿ, ತಪ್ಪಿಲ್ಲ, ಆದರೆ ದಿನಗಳಲ್ಲಿ ಮಾಡಬೇಡಿ. ಆಪರೇಷನ್ ಆದ ಮೇಲೆ ಆರು ತಿಂಗಳು ಅಂದರೆ ಆರು ತಿಂಗಳು, ಅಷ್ಟರೊಳಗೆ ಮನೆಯಲ್ಲಿ ಮದುವೆ ಮುಂಜಿ ಬಂದರೆ ಬೀಗರಿಗೆ ಮೊದಲೇ ಹೇಳಿಬಿಡಿ, ನಾಚಿಕೆಪಡಬೇಡಿ. ಎಷ್ಟು ತೂಕ ಎತ್ತಬಹುದು ಅಂತ ಡಾಕ್ಟರನ್ನು ಕೇಳಬೇಡಿ. ನೀವು ಮಾಡುವ ಕೆಲಸವನ್ನು ಅವರ ಮುಂದೆ ಎದ್ದು ನಿಂತು, ನೋವಿಲ್ಲದ ಕೈಯಲ್ಲಿ ಮಾಡಿ ತೋರಿಸಿ. ಬಟ್ಟೆ ಒಣಹಾಕುವುದೋ, ಬೋರ್ಡಿನ ಮೇಲೆ ಬರೆಯುವುದೋ, ಬಡಿಸುವುದೋ. ಇದನ್ನು ಮಾಡಬಹುದಾ ಅಂತ ಕೇಳಿ. ಇಷ್ಟೆಲ್ಲ ಮಾಡಿದ ಮೇಲೂ ಕೆಲವರದ್ದು ಬಿಟ್ಟುಕೊಳ್ಳುತ್ತದೆ. ಯಾಕೆ ಅಂತ ಆಗ ಮನೆಯವರು ಕೇಳುತ್ತಾರೆ, ಮಕ್ಕಳು ಕೇಳುತ್ತಾರೆ. ಅವರಿಗೆ ಏನು ಹೇಳಬೇಕು ಅಂತ ಯಾರಿಗಾದರೂ ಗೊತ್ತಿದ್ದರೆ ನನಗೆ ಹೇಳಿ. ಪೀತಮ್‌ಪುರದಲ್ಲಿ ಕೌಂಟರಿನಲ್ಲೇ ಇರುತ್ತೇನೆ.